ಕೈ ಸೋತರೂ ಮಾತು ನಡೆಯಬೇಕು: ಮನೆಯ ಹಿರಿಯರ ದಿನವನ್ನು ಅವರ ಕೈಗೇ ಬಿಡುವುದು ಹೇಗೆ

ಹುಬ್ಬಳ್ಳಿ-ಧಾರವಾಡದ ಯಾವ ಓಣಿಯಲ್ಲಿ ಕೇಳಿದರೂ, ವಯಸ್ಸಾದ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವ ಮಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಅವ್ವಗ ಒಂದ್ ಕಡ್ಡಿ ಸೈತ ಎತ್ತಿಡಾಕ ಬಿಡಂಗಿಲ್ರಿ ನಾವು." ಸುಳ್ಳಲ್ಲ. ಹೊತ್ತಿಗೆ ಸರಿಯಾಗಿ ಚಾ ಬರುತ್ತದೆ, ಗುಳಿಗೆ ಬರುತ್ತದೆ, ಮೆತ್ತಗೆ ಕಲಸಿದ ಅನ್ನ ಬರುತ್ತದೆ. ಆದರೆ ಚಾ ಈಗ ಬೇಕೋ, ಇನ್ನೊಂದು ತಾಸು ಬಿಟ್ಟು ಬೇಕೋ ಎಂದು ಆ ಅವ್ವನನ್ನು ಕೇಳಿದವರಿಲ್ಲ. ನಾಲ್ಕು ದಶಕ ಮನೆ ನಡೆಸಿದ ಹೆಂಗಸು ವರ್ಷ ತುಂಬುವುದರೊಳಗೆ "ನನಗೇನ್ ತಿಳಿತೈತಿ, ನೀವ್ ಹೆಂಗಂತೀರಿ ಹಂಗ" ಅನ್ನತೊಡಗುತ್ತಾಳೆ. ಮನೆಯವರು ಅದಕ್ಕೆ ವಯಸ್ಸು ಅಂತ ಹೆಸರಿಡುತ್ತಾರೆ. ಪ್ರತಿ ಸಲವೂ ಅದು ವಯಸ್ಸಲ್ಲ.

ಮನಶ್ಶಾಸ್ತ್ರದವರು ಈ ಸಂಗತಿಯನ್ನು ಐವತ್ತು ವರ್ಷಗಳಿಂದ ನೋಡುತ್ತಿದ್ದಾರೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ತಾವು ಮಾಡಿದ ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ "ನಿಮ್ಮ ಕೋಣೆ ಹೇಗಿರಬೇಕು, ಹೊತ್ತು ಹೇಗೆ ಕಳೆಯಬೇಕು ಎನ್ನುವುದು ನಿಮಗೇ ಬಿಟ್ಟದ್ದು" ಎಂದು ಹೇಳಿ, ಗಿಡ ಬೇಕಾದವರು ಆರಿಸಿಕೊಳ್ಳಿ, ನೀರು ನೀವೇ ಹಾಕಿ ಅಂದರು. ಸಿನಿಮಾ ಯಾವ ದಿನ ನೋಡಬೇಕು ಎನ್ನುವುದನ್ನೂ ಅವರಿಗೇ ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಸಿನಿಮಾ ಸಿಕ್ಕಿತು. ಆದರೆ ನೀರು ನರ್ಸ್ ಹಾಕಿದರು, ದಿನವನ್ನು ಆಶ್ರಮದವರು ಗೊತ್ತು ಮಾಡಿದರು. ಮೂರು ವಾರದಲ್ಲೇ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಲವಲವಿಕೆಯಿಂದ ಇರುವುದು ಕಂಡಿತು. ಹದಿನೆಂಟು ತಿಂಗಳ ನಂತರ ನೋಡಿದಾಗ ಆ ಗುಂಪಿನ 47 ಜನರಲ್ಲಿ 7 ಮಂದಿ, ಇನ್ನೊಂದು ಗುಂಪಿನ 44 ಜನರಲ್ಲಿ 13 ಮಂದಿ ತೀರಿಹೋಗಿದ್ದರು. ಇದು ಸಣ್ಣ ಪ್ರಯೋಗ. ಸಾವಿನ ಲೆಕ್ಕ ಹಿಡಿದುಕೊಂಡು "ಗಿಡ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ" ಅಂದರೆ ಅದು ಬುರುಡೆ ಆದೀತು. ನನ್ನ ಮಟ್ಟಿಗೆ ಮುಖ್ಯವಾದದ್ದು ಬೇರೆ: ಎರಡೂ ಮಹಡಿಗೆ ಸಿಕ್ಕ ಸವಲತ್ತು ಒಂದೇ, ಬೇರೆಯಾಗಿದ್ದದ್ದು ಯಾರ ಮಾತು ನಡೆಯಿತು ಎನ್ನುವುದು ಮಾತ್ರ.

ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪನೋ ಅವ್ವನೋ ಅತ್ತೆ-ಮಾವನೋ ಇದ್ದು, ಅವರ ಜವಾಬ್ದಾರಿ ನಿಮ್ಮ ಮೇಲಿದ್ದರೆ ಮುಂದಿನದು ನಿಮಗಾಗಿ.

ಮೊದಲು ಒಂದು ವಾರ ಬರೀ ನೋಡಿ

ಏನನ್ನೂ ಬದಲಿಸಲು ಹೋಗಬೇಡಿ. ಒಂದು ಹಳೆಯ ವಹಿ ತೆಗೆದುಕೊಂಡು, ಅವರ ಪರವಾಗಿ ಮನೆಯಲ್ಲಿ ಯಾರು ಏನು ನಿರ್ಧರಿಸುತ್ತಾರೆ ಎಂದು ಬರೆಯುತ್ತಾ ಹೋಗಿ. ಏಳುವ ಹೊತ್ತು, ಸ್ನಾನದ ಹೊತ್ತು, ಯಾವ ಸೀರೆ, ಫ್ಯಾನು ಎಷ್ಟರಲ್ಲಿ ತಿರುಗಬೇಕು, ಟಿ.ವಿ.ಯಲ್ಲಿ ಯಾವ ಚಾನೆಲ್, ರೊಟ್ಟಿ ಬಿಸಿಯದೋ ಕಟಕ್ ಆದದ್ದೋ, ಯಾವ ಡಾಕ್ಟರು, ಬೀಗರ ಮನೆಯ ಕಾರ್ಯಕ್ಕೆ ಹೋಗಬೇಕೋ ಬೇಡವೋ. ಸಣ್ಣದು ದೊಡ್ಡದು ಎಂದು ನೋಡದೆ ಎಲ್ಲವನ್ನೂ ಬರೆಯಿರಿ. ಬಹಳ ಮನೆಗಳಲ್ಲಿ ಬುಧವಾರ ಬರುವಷ್ಟರಲ್ಲೇ ವಹಿ ತುಂಬುತ್ತದೆ, ಹಿರಿಯರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಇನ್ನೊಂದನ್ನೂ ಗಮನಿಸಿ: ಅವರ ಬಗ್ಗೆ ಅವರೆದುರಿಗೇ ಮೂರನೆಯವರ ಹಾಗೆ ಮಾತಾಡುವುದು. "ಅಪ್ಪಾರು ಈಗ ಮಸಾಲಿ ತಿನ್ನಂಗಿಲ್ರಿ" ಎಂದು ಬಂದ ನೆಂಟರಿಗೆ ಮಗ ಹೇಳುತ್ತಾನೆ, ಅಪ್ಪ ಅಲ್ಲೇ ಕುರ್ಚಿಯ ಮೇಲೆ ಇರುತ್ತಾರೆ. ಇಷ್ಟು ಮಾತ್ರ ಈ ವಾರದಿಂದಲೇ ನಿಲ್ಲಿಸಬಹುದು. ನೆಂಟರು ಕೇಳಿದರೆ ಅಪ್ಪನ ಕಡೆ ತಿರುಗಿ ಸುಮ್ಮನಿದ್ದರೆ ಸಾಕು, ಅವರೇ ಹೇಳುತ್ತಾರೆ.

ಮಾಡುವುದು ಬೇರೆ, ಹೇಳುವುದು ಬೇರೆ

ಇದೊಂದು ತಿಳಿದರೆ ಅರ್ಧ ಕೆಲಸ ಆದಂತೆ. ಮೊಣಕಾಲು, ಕಣ್ಣು, ಕೈಯ ಬಲ ಹೋದಾಗ ಕೆಲಸ ಬೇರೆಯವರ ಪಾಲಿಗೆ ಬರುತ್ತದೆ, ಬರಲೇಬೇಕು. ಆದರೆ ಕೆಲಸದ ಜೊತೆ ತೀರ್ಮಾನವನ್ನೂ ಎತ್ತಿಕೊಂಡು ಹೋಗಬೇಕೆಂದೇನಿಲ್ಲ. ನಾವು ಎರಡನ್ನೂ ಒಟ್ಟಿಗೇ ಎತ್ತುತ್ತೇವೆ.

ರೊಟ್ಟಿಯನ್ನೇ ತೆಗೆದುಕೊಳ್ಳಿ. ಅವ್ವನಿಗೆ ಈಗ ರೊಟ್ಟಿ ಬಡಿಯಲು ಆಗುವುದಿಲ್ಲ, ಮಣಿಕಟ್ಟು ನೋಯುತ್ತದೆ, ಒಲೆಯ ಮುಂದೆ ಕೂತರೆ ಏಳಲಾಗುವುದಿಲ್ಲ. ಸರಿ, ಬಡಿಯುವುದು ಸೊಸೆಯೋ ಕೆಲಸದಾಕೆಯೋ ಮಾಡಲಿ. ಜೋಳ ಯಾವುದು ತರಬೇಕು, ಗಿರಣಿಗೆ ಒಂದು ಸಲಕ್ಕೆ ಎಷ್ಟು ಹಾಕಬೇಕು ಎನ್ನುವುದು ಅವ್ವನ ಕೈಯಲ್ಲೇ ಇರಲಿ. ಹಿಟ್ಟು ಬೀಸಿಸಿಕೊಂಡು ಬಂದ ದಿನ ಒಂದು ಹಿಡಿ ಅವರ ಅಂಗೈಗೆ ಹಾಕಿ. ಬೆರಳಲ್ಲಿ ತಿಕ್ಕಿ ನೋಡಿ, ನುಣ್ಣಗಾಯಿತೋ ರವೆ ರವೆ ಉಳಿಯಿತೋ ಹೇಳುತ್ತಾರೆ. ಬಿಸಿ ಎಸರು ಹಾಕಿ ನಾದುವಾಗ ಪಕ್ಕದಲ್ಲಿ ಕೂರಿಸಿ, ಹಿಟ್ಟಿಗೆ ಜಿಗಿ ಬಂತೋ ಇಲ್ಲವೋ ಮುಟ್ಟಿ ನೋಡಲಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಅದು ನಿಮಗೆ ರೊಟ್ಟಿ ಹರಿದ ಮೇಲೆ ಗೊತ್ತಾದರೆ ಅವರಿಗೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಅವರಿಗೆ ನೀವು ಉಪಕಾರ ಮಾಡುತ್ತಿಲ್ಲ. ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತು, ಅಷ್ಟೇ.

ಗಂಡಸರಿಗೆ ಇದು ಹೊಲದಲ್ಲಿ ಇರುತ್ತದೆ. ಹಾವೇರಿ, ಬ್ಯಾಡಗಿ ಕಡೆಯ ಅಜ್ಜನಿಗೆ ಕುಂಟೆ ಹಿಡಿಯಲು ಆಗದಿರಬಹುದು. ಮೆಣಸಿನಕಾಯಿ ಕಣದಲ್ಲಿ ಇನ್ನೂ ಎಷ್ಟು ಬಿಸಿಲು ಕಾಣಬೇಕು, ಯಾವ ಪೇಟೆಯ ದಿನಕ್ಕೆ ಒಯ್ಯಬೇಕು ಎಂದು ಕೇಳಿ. ಕೇಳಿದ ಮೇಲೆ ಹಾಗೆಯೇ ಮಾಡಿ. ಕೇಳಿ, ತಲೆಯಾಡಿಸಿ, ಹೊರಗೆ ಬಂದು ನಮ್ಮದೇ ನಡೆಸಿದರೆ ಕೇಳದೇ ಇದ್ದುದಕ್ಕಿಂತ ಕೆಟ್ಟದ್ದು. ಹಿರಿಯರಿಗೆ ಅದು ತಿಳಿಯುವುದಿಲ್ಲ ಅಂದುಕೊಂಡಿದ್ದರೆ ತಪ್ಪು, ಸಂಜೆಯೊಳಗೆ ತಿಳಿದಿರುತ್ತದೆ.

ಕೇಳುವ ರೀತಿ

"ಏನ್ ಬೇಕು?" ಎಂದು ಗಾಳಿಯಲ್ಲಿ ಕೇಳಿದರೆ "ಏನೂ ಬ್ಯಾಡ" ಎಂದೇ ಉತ್ತರ. ಹೊರೆಯಾಗಬಾರದು ಎಂಬ ಸಂಕೋಚ ಅವರದು. ಎರಡು ನಿಜವಾದ ಆಯ್ಕೆ ಮುಂದಿಡಿ.

"ಅತ್ತಿ, ಮಧ್ಯಾಹ್ನಕ್ಕ ಪುಂಡಿಪಲ್ಯಾ ಮಾಡ್ಲೇನ್ರಿ, ಹೆಸರಕಾಳ ಮಾಡ್ಲೇನ್ರಿ?"

"ಪುಂಡಿ ನಿನ್ನೆ ತಂದದ್ದಲ್ಲೇನ? ಬಾಡಿ ಹೋಗಿರತೈತಿ. ಅದನ್ನ ಮೊದಲ್ ಮಾಡಿ ಮುಗಸು."

ಉತ್ತರ ಬಂತು, ಜೊತೆಗೆ ಕಾರಣವೂ ಬಂತು. ನಿಜವಾದ ಆಯ್ಕೆ ಅಂದರೆ ಎರಡರಲ್ಲಿ ಯಾವುದು ಹೇಳಿದರೂ ನಿಮಗೆ ನಡೆಯುವಂಥದ್ದು. ಹೆಸರುಕಾಳು ನೆನೆಹಾಕಿಯೇ ಇಲ್ಲದಿದ್ದರೆ ಅದನ್ನು ಕೇಳಲೇಬೇಡಿ. ಕೇಳಿದ ಮೇಲೆ ಕಾಯಿರಿ. ಎಂಬತ್ತರ ಕಿವಿಗೆ ಮಾತು ಮುಟ್ಟಿ, ಅಲ್ಲಿಂದ ಉತ್ತರ ಬರಲು ಹೊತ್ತು ಬೇಕು. ಆ ಮೌನವನ್ನು ನಾವು ತುಂಬಿಬಿಟ್ಟರೆ ಅವರು ಇನ್ನೊಮ್ಮೆ ಪ್ರಯತ್ನ ಮಾಡುವುದಿಲ್ಲ.

ಕಾಯುವುದು ಕೈಗೆಲಸಕ್ಕೂ ಅನ್ವಯಿಸುತ್ತದೆ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ ಎಂದು ನಾವೇ ಹಾಕಿಬಿಡುತ್ತೇವೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಬಾಲ್ಟೆಸ್ ವೃದ್ಧಾಶ್ರಮಗಳಲ್ಲಿ ಕೂತು ನೋಡಿ ಬರೆದದ್ದು ಇದೇ: ಹಿರಿಯರು ಸಹಾಯ ಬೇಡಿದಾಗ ಸಿಬ್ಬಂದಿ ಓಡಿ ಬರುತ್ತಾರೆ, ತಾವೇ ಮಾಡಿಕೊಂಡಾಗ ಯಾರೂ ತಿರುಗಿ ನೋಡುವುದಿಲ್ಲ. ಅಂದಮೇಲೆ ಒಬ್ಬ ಮನುಷ್ಯ ಜನರ ಸಂಗ ಸಿಗಲೆಂದಾದರೂ ಕೈಲಾಗದವನಾಗುತ್ತಾನೆ. ನಮ್ಮ ಮನೆಗಳಲ್ಲಿಯೂ ಹಾಗೇ ಅಲ್ಲವೇ? ಅಜ್ಜ ನರಳಿದಾಗ ಮಾತ್ರ ಮೊಮ್ಮಗ ಕೋಣೆಗೆ ಬರುತ್ತಾನೆ. ಅಜ್ಜ ತಾನೇ ಎದ್ದು ಕಟ್ಟೆಗೆ ಬಂದು ಕೂತ ದಿನ ಪಕ್ಕದಲ್ಲಿ ಹತ್ತು ನಿಮಿಷ ಕೂತು ಮಾತಾಡಿ. ಅವಸರವಿದ್ದ ದಿನ ಗುಂಡಿ ನೀವೇ ಹಾಕಿ, ತಪ್ಪಿಲ್ಲ, ಆದರೆ ಪ್ರತಿದಿನವೂ ಅವಸರವಿದ್ದರೆ ಅವರನ್ನು ಅರ್ಧ ತಾಸು ಮೊದಲೇ ತಯಾರಾಗಲು ಹೇಳಿ.

ರೊಕ್ಕ

ಕೈಯಲ್ಲಿ ನಾಲ್ಕು ಕಾಸಿಲ್ಲದವನ ಮಾತನ್ನು ಮನೆಯಲ್ಲಿ ಯಾರು ಕೇಳುತ್ತಾರೆ ಎಂದು ಹಿರಿಯರೇ ಅನ್ನುತ್ತಾರೆ. ಒರಟು ಮಾತು, ಆದರೆ ಬಹಳ ಸಲ ನಿಜ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಅದು ಅತ್ತೆಯ ಖಾತೆಗೋ ಸೊಸೆಯ ಖಾತೆಗೋ ಎಂದು 2023ರಲ್ಲಿ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಗದ್ದಲವಾಯಿತು, ಅದನ್ನು ನಾನು ಹೇಳಬೇಕಿಲ್ಲ. ಮೊತ್ತ ಸಣ್ಣದು, ಗದ್ದಲ ದೊಡ್ಡದು, ಯಾಕೆಂದರೆ ಎಷ್ಟೋ ಹೆಂಗಸರಿಗೆ ತಮ್ಮದೇ ಹೆಸರಿನಲ್ಲಿ ತಿಂಗಳು ತಿಂಗಳು ಬಂದ ಮೊದಲ ದುಡ್ಡು ಅದು.

ಹೀಗೆ ಮಾಡಿ. ಅವರ ಹೆಸರಿಗೆ ಬರುವ ದುಡ್ಡನ್ನು ಮನೆಖರ್ಚಿಗೆ ಸೇರಿಸುವ ಮೊದಲು ಅವರನ್ನು ಕೇಳಿ. ಸೇರಿಸಲೇಬೇಕಾದ ಪರಿಸ್ಥಿತಿ ಇದ್ದರೂ ಒಂದು ಪಾಲನ್ನು ನಗದಾಗಿ, ಚಿಲ್ಲರೆ ನೋಟುಗಳಲ್ಲಿ, ಅವರ ಕೈಗೆ ಕೊಡಿ. ಅದರ ಲೆಕ್ಕ ಕೇಳಬೇಡಿ. ಮೊಮ್ಮಗಳಿಗೆ ಗಿರ್ಮಿಟ್ ಕೊಡಿಸಲಿ, ಸಿದ್ಧಾರೂಢ ಮಠದ ಹುಂಡಿಗೆ ಹಾಕಲಿ, ಸಂಚಿಯಲ್ಲಿ ಮಡಚಿ ಇಟ್ಟುಕೊಂಡು ಕೂತಿರಲಿ. ಎ.ಟಿ.ಎಂ. ಕಾರ್ಡು ಮಗನ ಪಾಕೀಟಿನಲ್ಲಿ ಇರುವುದಾದರೆ ಪಾಸ್‌ಬುಕ್ಕು ಅವರ ಟ್ರಂಕಿನಲ್ಲಿರಲಿ, ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿ ಓದಿ ಹೇಳಿ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ, 70 ದಾಟಿದ್ದರೆ, ಮನೆಬಾಗಿಲಲ್ಲಿ ಸೇವೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಯಲ್ಲಿ ಹೋಗಿ ಕೇಳಿ, ತಾವಾಗಿ ಯಾರೂ ಹೇಳುವುದಿಲ್ಲ.

ಆಸ್ತಿಯ ವಿಷಯದಲ್ಲಿ ಹಿರಿಯರಿಗೇ ಒಂದು ಮಾತು. ಬದುಕಿರುವಾಗಲೇ ಮನೆ-ಹೊಲವನ್ನು ಮಕ್ಕಳ ಹೆಸರಿಗೆ ಬಕ್ಷೀಸು ಮಾಡಿಕೊಡುವ ಅವಸರ ಬೇಡ. ಮೃತ್ಯುಪತ್ರ ಬರೆದಿಡಿ. ಅದಕ್ಕೆ ಸ್ಟ್ಯಾಂಪ್ ಪೇಪರು ಬೇಕಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಬುದ್ಧಿ ನೆಟ್ಟಗಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬರೆದುಕೊಡಲೇಬೇಕು ಎಂದಾದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೆಯ ಕಲಮು ಇರುವುದು ಇದಕ್ಕೇ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಗಳು, ಅಂದರೆ ಎ.ಸಿ. ಸಾಹೇಬರು, ನಡೆಸುವ ನ್ಯಾಯಮಂಡಳಿಗೆ. ಅದಕ್ಕೂ ಮೊದಲು ಯಾರನ್ನಾದರೂ ಕೇಳಬೇಕು ಅನಿಸಿದರೆ ಹಿರಿಯರ ಸಹಾಯವಾಣಿ 14567 ಇದೆ.

ದವಾಖಾನೆಯಲ್ಲಿ ಮುಂದೆ ಕೂರುವವರು ಯಾರು?

ಇಲ್ಲಿ ಬದಲಿಸಬೇಕಾದದ್ದು ಸ್ವಲ್ಪವೇ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಹಿರಿಯರು ಕೂರಲಿ, ನೀವು ಪಕ್ಕದ ಸ್ಟೂಲಿನಲ್ಲಿ. ಡಾಕ್ಟರು ನಿಮ್ಮ ಕಡೆ ನೋಡಿ "ಅಜ್ಜಾರಿಗೆ ಏನ್ ತ್ರಾಸು?" ಅಂದರೆ ಅಜ್ಜನ ಮುಖ ನೋಡಿ. ಹಿಂದಿನ ರಾತ್ರಿ ಕೂತು ಅವರು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅವರ ಜೇಬಿಗೇ ಇಡಿ. ರೋಗದ ಹೆಸರನ್ನು ಅವರಿಂದ ಮುಚ್ಚಿಡುವ ನಮ್ಮ ಕಡೆಯ ರೂಢಿ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು ಇರಬಹುದು. ಆದರೂ ತಮ್ಮ ದೇಹದ ಸುದ್ದಿ ಮನೆಯಲ್ಲಿ ತಮ್ಮೊಬ್ಬರಿಗೇ ಗೊತ್ತಿಲ್ಲ ಎನ್ನುವ ಸ್ಥಿತಿ ಬಹಳ ಒಂಟಿಯಾದದ್ದು. ಎಷ್ಟು ತಿಳಿದುಕೊಳ್ಳಬೇಕು ಎನ್ನುವುದನ್ನೂ ಅವರನ್ನೇ ಕೇಳಬಹುದಲ್ಲ: "ಅಪ್ಪಾ, ರಿಪೋರ್ಟಿನಾಗ ಏನ್ ಬಂದೈತಿ ಅಂತ ಎಲ್ಲಾ ಹೇಳ್ಲೋ, ಗುಳಗಿ ಬಗ್ಗೆ ಅಷ್ಟ ಹೇಳ್ಲೋ?"

ಆಗದ್ದನ್ನು ಬಿಡುವುದೂ ಅವರದೇ ತೀರ್ಮಾನವಾಗಲಿ

ಎಲ್ಲವೂ ಮೊದಲಿನ ಹಾಗೆಯೇ ನಡೆಯಲಿ ಎಂದು ಹಟ ಹಿಡಿಸುವುದು ಇದಲ್ಲ. ಯುಟ್ಟಾ ಹೆಕ್‌ಹೌಸನ್ ಮತ್ತು ರಿಚರ್ಡ್ ಶುಲ್ಜ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಬರೆದ ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮನುಷ್ಯ ಹೊರಗಿನದನ್ನು ತನಗೆ ಬೇಕಾದಂತೆ ಬದಲಿಸುತ್ತಾನೆ, ಅದು ಆಗದಿದ್ದಾಗ ತನ್ನ ಆಸೆಯನ್ನೇ ತಿದ್ದಿಕೊಳ್ಳುತ್ತಾನೆ. ವಯಸ್ಸಾದಂತೆ ಎರಡನೆಯದರ ಪಾಲು ಹೆಚ್ಚುತ್ತದೆ, ಅದು ಸೋಲಲ್ಲ. ಉಣಕಲ್ ಕೆರೆಯ ಸುತ್ತ ದಿನಾ ನಡೆಯುತ್ತಿದ್ದವರು ಈಗ ಕೆರೆಯ ದಂಡೆಯ ಬೆಂಚಿನ ತನಕ ಹೋಗಿ, ಗೆಳೆಯರ ಜೊತೆ ಕೂತು, ವಾಪಸು ಬರಬಹುದು. ಆದರೆ "ಇನ್ನ ಮ್ಯಾಲೆ ಕೆರಿಗೆ ಹೋಗೂದ ಬ್ಯಾಡ" ಎಂದು ನಾವು ಹೇಳಿದರೆ ಅದು ನಿಷೇಧ, "ಇನ್ನ ಬೆಂಚಿನ ಮಟಾ ಸಾಕು" ಎಂದು ಅವರೇ ಅಂದುಕೊಂಡರೆ ಅದು ಅವರ ತೀರ್ಮಾನ. ಬರುವ ಫಲ ಒಂದೇ ಕಂಡರೂ ಮನಸ್ಸಿಗೆ ಒಂದೇ ಅಲ್ಲ.

ತಿರುಗಾಟವನ್ನು ಪೂರ್ತಿ ನಿಲ್ಲಿಸುವ ಮೊದಲು ಸುಲಭ ಮಾಡಲು ಬರುತ್ತದೆಯೇ ನೋಡಿ. ಬಚ್ಚಲಲ್ಲಿ ಹಿಡಿಕೆ, ಜಾರದ ಚಾಪೆ, ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸಿದರೆ ಸ್ನಾನದ ಹೊತ್ತನ್ನು ಅವರೇ ಆರಿಸಬಹುದು, ಮಗ ಆಫೀಸಿಗೆ ಹೋಗುವ ಮೊದಲೇ ಮುಗಿಯಬೇಕೆಂದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ನೆಲ ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ಇರುವುದರಿಂದ ಮೊಣಕಾಲು ನೋವಿನವರಿಗೆ ಹತ್ತಲು ಅನುಕೂಲ. ಕಷ್ಟವಿರುವುದು ನಡುರಸ್ತೆಯ ಆ ನಿಲ್ದಾಣಕ್ಕೆ ದಾಟಿ ಹೋಗುವಲ್ಲಿ. ಅಷ್ಟು ದಾಟಿಸಿ ಬಿಟ್ಟು ಬನ್ನಿ. ಅಜ್ಜಿಯರಿಗಂತೂ 2023ರ ಜೂನ್‌ನಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡೇ ಇಲ್ಲ. ಮಗಳ ಮನೆಗೆ ಹೋಗಲು ಯಾರ ಕೈ ನೋಡುವುದೂ ಬೇಡವಾಯಿತು.

ಮರೆವಿನ ಕಾಯಿಲೆ ಇದ್ದವರ ವಿಷಯ ಬೇರೆ. ಅಲ್ಲಿ ಗ್ಯಾಸಿನ ಒಲೆ, ಗಾಡಿ, ಬ್ಯಾಂಕಿನ ಓಟಿಪಿ ಇವನ್ನು ಅವರ ಕೈಗೆ ಬಿಡಲಾಗದು. ಆಯ್ಕೆಯನ್ನು ಚಿಕ್ಕದು ಮಾಡಿ, ಇಲ್ಲವಾಗಿಸಬೇಡಿ. ಹಾಸಿಗೆಯ ಮೇಲೆ ಎರಡು ಇಳಕಲ್ ಸೀರೆ ಹರಡಿ, ಯಾವುದೆಂದು ಕೈ ಮಾಡಿ ತೋರಿಸಲಿ. ಇನ್ನೊಂದು ಎಚ್ಚರಿಕೆ: ನಿನ್ನೆಯವರೆಗೆ ಎಲ್ಲದರಲ್ಲೂ ಬಾಯಿ ಹಾಕುತ್ತಿದ್ದವರು ಕೆಲವೇ ವಾರಗಳಲ್ಲಿ ಊಟ, ನಿದ್ದೆ, ಮಾತು ಮೂರನ್ನೂ ಕಡಿಮೆ ಮಾಡಿದರೆ ಆಯ್ಕೆ ಕೊಡುವ ಮಾತೆಲ್ಲ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಖಿನ್ನತೆ ಇರಬಹುದು, ಥೈರಾಯ್ಡ್ ಇರಬಹುದು, ಎರಡಕ್ಕೂ ಔಷಧಿ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರಕಾರಿ ದವಾಖಾನೆ ಡಿಮ್ಹಾನ್ಸ್ ಇದೆ, ಫೋನಿನಲ್ಲಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416.

ಕೊಟ್ಟು ಕಸಿದುಕೊಳ್ಳಬೇಡಿ

ಈ ಭಾಗವನ್ನು ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ಓದಬೇಕು. ಅದೇ ರಿಚರ್ಡ್ ಶುಲ್ಜ್ 1976ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ದ. ವೃದ್ಧಾಶ್ರಮದ ಹಿರಿಯರನ್ನು ಕಾಲೇಜು ವಿದ್ಯಾರ್ಥಿಗಳು ಭೇಟಿಯಾಗುತ್ತಿದ್ದರು. ಯಾವಾಗ, ಎಷ್ಟು ಹೊತ್ತು ಬರಬೇಕೆಂದು ಹೇಳುವ ಅಧಿಕಾರ ಕೆಲವರಿಗಿತ್ತು. ಇನ್ನು ಕೆಲವರಿಗೆ ಬರುವ ಹೊತ್ತು ಮೊದಲೇ ತಿಳಿಯುತ್ತಿತ್ತು. ಉಳಿದವರಲ್ಲಿ ಕೆಲವರ ಬಳಿ ಹುಡುಗರು ಹೇಳದೆ ಕೇಳದೆ ಬರುತ್ತಿದ್ದರು, ಕೆಲವರ ಬಳಿ ಯಾರೂ ಬರುತ್ತಿರಲಿಲ್ಲ. ಮೊದಲ ಎರಡು ಗುಂಪಿನವರು ಉಳಿದವರಿಗಿಂತ ಚೆನ್ನಾಗಿದ್ದರು. ಅಂದರೆ ತಾವೇ ಗೊತ್ತು ಮಾಡದಿದ್ದರೂ, ಮೊದಲೇ ತಿಳಿದಿದ್ದರೆ ಸಾಕಿತ್ತು. ಅಧ್ಯಯನ ಮುಗಿಯಿತು, ಹುಡುಗರು ಬರುವುದು ನಿಂತಿತು. ಮುಂದೆ ಮತ್ತೆ ನೋಡಿ 1978ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚೆನ್ನಾಗಿದ್ದ ಆ ಎರಡು ಗುಂಪುಗಳೇ ಇಳಿದುಹೋಗಿದ್ದವು.

ಹಾಗಾಗಿ ಉತ್ಸಾಹದಲ್ಲಿ "ದಿನಾ ರಾತ್ರಿ ವಿಡಿಯೋ ಕಾಲ್ ಮಾಡ್ತೀನಿ ಅವ್ವಾ" ಅನ್ನಬೇಡಿ. ಭಾನುವಾರ ಮುಂಜಾನೆ ಹತ್ತಕ್ಕೆ ಎಂದು ಹೇಳಿ, ಆ ಭಾನುವಾರಗಳನ್ನು ತಪ್ಪಿಸಬೇಡಿ. ತಪ್ಪುವುದಿದ್ದರೆ ಶನಿವಾರವೇ ತಿಳಿಸಿ. ದಿನಾ ಮಾಡಿ ತಿಂಗಳಲ್ಲಿ ನಿಲ್ಲಿಸುವುದಕ್ಕಿಂತ ವಾರಕ್ಕೊಂದು ನಿಲ್ಲದ ಕರೆ ಎಷ್ಟೋ ಮೇಲು.

ಪಾಳಿ ಹಚ್ಚುವ ಮನೆಗಳಲ್ಲಿ

ಮೂರು ಗಂಡುಮಕ್ಕಳು, ಗದಗದಲ್ಲೊಬ್ಬ, ರಾಣೆಬೆನ್ನೂರಲ್ಲೊಬ್ಬ, ಹುಬ್ಬಳ್ಳಿಯಲ್ಲೊಬ್ಬ. ಅಪ್ಪನೋ ಅವ್ವನೋ ತಿಂಗಳಿಗೊಂದು ಮನೆ. ಈ ಪಾಳಿಯನ್ನು ಬೈಯುವವರು ಬಹಳ. ಎಲ್ಲರ ಮನೆಯೂ ಸಣ್ಣದಿದ್ದಾಗ, ಎಲ್ಲರೂ ದುಡಿಯುವವರಿದ್ದಾಗ ಬೇರೆ ದಾರಿ ಯಾವಾಗಲೂ ಇರುವುದಿಲ್ಲ. ಪಾಳಿಗಿಂತ ಹೆಚ್ಚು ನೋಯಿಸುವುದು ಅದನ್ನು ಅಣ್ಣತಮ್ಮಂದಿರು ಫೋನಿನಲ್ಲಿ ಗೊತ್ತು ಮಾಡಿ, ಹಿಂದಿನ ದಿನ "ನಾಳೆ ತಮ್ಮ ಬರ್ತಾನ, ಚೀಲ ಕಟ್ಟು" ಅನ್ನುವುದು.

ಎಲ್ಲರೂ ಸೇರಿದ ಹಬ್ಬದ ದಿನ ಅವರ ಮುಂದೆ ಕೂತು ಕೇಳಿ, ಹಿರಿಯ ಮಗ ಬಾಯಿ ತೆಗೆಯುವ ಮೊದಲು ಅವರು ಮಾತಾಡಲಿ. "ನಿಮಗ ಹೆಂಗ ಅನುಕೂಲ ಹಂಗ" ಎಂದು ಮೊದಲ ಸಲ ಅಂದೇ ಅನ್ನುತ್ತಾರೆ. ಅಲ್ಲಿಗೇ ಎದ್ದು ಬಿಡದೆ, ಬಿಡಿಬಿಡಿಯಾಗಿ ಕೇಳಿ. ಮಳೆಗಾಲಕ್ಕೆ ಯಾವ ಮನೆ? ಎಲ್ಲಿ ಬಚ್ಚಲು ಹತ್ತಿರ? ಎಲ್ಲಿ ಮಾತಿಗೆ ಓಣಿಯವರು ಸಿಗುತ್ತಾರೆ? ಪಂಚಮಿ ಯಾರ ಮನೆಯಲ್ಲಿ, ದೀಪಾವಳಿ ಯಾರ ಮನೆಯಲ್ಲಿ? ತಿಂಗಳೇ ಆಗಬೇಕೋ, ಮೂರು ತಿಂಗಳಾದರೆ ಮೇಲೋ? ಬಂದ ಉತ್ತರವನ್ನು ಮೂರೂ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಅವರಿಗೆ ಓದಲು ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ಪ್ರತಿ ಮನೆಯಲ್ಲೂ ಒಂದು ಕಪಾಟಿನ ಖಾನೆ ಅವರದೇ ಆಗಿರಲಿ, ಕೀಲಿಕೈ ಅವರ ಬಳಿ. ಅವರು ಇಲ್ಲದ ತಿಂಗಳುಗಳಲ್ಲೂ ಅದರಲ್ಲಿ ಮಕ್ಕಳ ಪುಸ್ತಕ, ಇಸ್ತ್ರಿ ಬಟ್ಟೆ ತುಂಬಬೇಡಿ. ತಾರೀಖು ಬದಲಾಗುವುದಿದ್ದರೆ ಮೊದಲ ಫೋನು ಅಣ್ಣನಿಗಲ್ಲ, ಅವರಿಗೆ. ಅವರು ಆಗುವುದಿಲ್ಲ ಅಂದರೆ ತಾರೀಖು ಹಳೆಯದೇ.